ಹೊದಿಸದ ಕಂಬಳಿ

ಮರಿ ಹುಟ್ಟಿದ ಕೂಡಲೇ ಅದರ ಕಿವಿ ಹಿಡಿದು ನೋಡಬೇಕು. ಕುರಿ ಸಾಕುವವರ ಮನೆಯ ಮಕ್ಕಳು ಎಲ್ಲಕ್ಕಿಂತ ಮೊದಲು ಕಲಿಯುವ ಪಾಠ ಇದು. ಕಿವಿ ಬೆಚ್ಚಗಿದ್ದರೆ ಮರಿ ನಮ್ಮದು. ತಣ್ಣಗಿದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಒತ್ತಿಕೊಳ್ಳಬೇಕು. ಅಂಥ ಮನೆಯಲ್ಲಿ ಬೆಳೆದ ನನಗೆ ಸಿಕ್ಕಿದ ಮೊದಲ ಕೆಲಸವೇ ಮರಿಗಳನ್ನು ಬೇಕೆಂದು ತಣ್ಣಗೆ ಮಾಡುವ ಕೋಣೆಯಲ್ಲಿ.

ಅದು ಪಶುವೈದ್ಯ ಕಾಲೇಜಿನ ಹಿಂಭಾಗದಲ್ಲಿದ್ದ ಒಂದು ಉದ್ದನೆಯ ಕೋಣೆ. ಅದರ ಯಜಮಾನರು ಡಾಕ್ಟರ್ ವಾಮನರಾವ್ ಇನಾಮದಾರ. ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲಿ. ಆಗತಾನೆ ಹುಟ್ಟಿದ ಮರಿಗೆ ಮತ್ತಿನ ಔಷಧ ಕೊಟ್ಟು ಕೆಲವು ನಿಮಿಷ ಅದರ ಉಸಿರನ್ನು ತಡೆಯುತ್ತಿದ್ದರು. ಆಮೇಲೆ ಅದರ ತಲೆಗೆ ರಬ್ಬರು ಕೊಳವೆ ಸುತ್ತಿದ ಟೊಪ್ಪಿಗೆ ಹಾಕಿ, ಕೊಳವೆಯಲ್ಲಿ ತಣ್ಣೀರು ಹರಿಸಿ, ಮೂವತ್ತೊಂಬತ್ತು ಡಿಗ್ರಿ ಇರಬೇಕಾದ ಮೈಯನ್ನು ಮೂವತ್ತೈದಕ್ಕೆ ಇಳಿಸಿ ಮೂರು ದಿನ ಇಡುತ್ತಿದ್ದರು. ತಾಸಿಗೊಮ್ಮೆ ಥರ್ಮಾಮೀಟರು ನೋಡಿ ಪಾಟಿಯ ಮೇಲೆ ಬಳಪದಿಂದ ಅಂಕಿ ಬರೆಯುವುದು ನನ್ನ ಕೆಲಸ.

ಮೊದಲ ದಿನವೇ ಅವರೊಡನೆ ಜಗಳ ತೆಗೆದೆ. "ಇದು ಪಾಪದ ಕೆಲಸ ಐತ್ರಿ ಸಾಹೇಬ್ರ," ಎಂದೆ.

"ಪಾಪ ಹೌದು," ಎಂದರು ಅವರು. "ಹುಟ್ಟಿದಾಗ ಅಳದ ಕೂಸು ನೋಡೀಯೇನು ತಂಗಿ? ಉಸಿರು ಬಂದ ಮ್ಯಾಲೂ ಅದರ ಮಿದುಳು ಒಳಗಿಂದೊಳಗ ಸಾಯ್ತಿರ್ತದ. ತಣ್ಣಗ ಇಟ್ರ ಆ ಸಾವು ನಿಲ್ತದ ಅಂತ ನನ್ನ ನಂಬಿಕಿ. ಅದನ್ನ ಮೊದಲ ಕೂಸಿನ ಮ್ಯಾಲೇ ಮಾಡಿ ನೋಡಲೇನು?"

ನಮ್ಮ ಓಣಿಯಲ್ಲಿ ಹಾಗೆ ಅಳದೆ ಹುಟ್ಟಿದ ಹುಡುಗಿಯೊಬ್ಬಳಿದ್ದಳು. ಎಂಟು ವರ್ಷವಾದರೂ ಅವಳ ತಾಯಿ ಅವಳನ್ನು ಸೊಂಟದಿಂದ ಕೆಳಗಿಳಿಸಿರಲಿಲ್ಲ.

ತಲೆಗೇನೋ ಮಾತು ಹಿಡಿಸಿತು, ಕೈಗೆ ಹಿಡಿಸಲಿಲ್ಲ. ಮಧ್ಯಾಹ್ನ ಸಾಹೇಬರು ಊಟಕ್ಕೆ ಹೋದರೆಂದರೆ ಎರಡು ತಾಸು ಕೋಣೆ ನನ್ನದು. ಮರಿಯ ಕಿವಿ ಮುಟ್ಟುತ್ತಿದ್ದೆ. ಅದು ಮಣ್ಣಿನ ಕೊಡದಷ್ಟು ತಣ್ಣಗಿರುತ್ತಿತ್ತು. ಆಗ ನನ್ನ ಕೈ ತಾನೇ ಹೋಗಿ ನಲ್ಲಿ ತಿರುಗಿಸಿ ನೀರು ನಿಲ್ಲಿಸುತ್ತಿತ್ತು, ಮನೆಯಿಂದ ತಂದ ಕಂಬಳಿ ಹೊದಿಸುತ್ತಿತ್ತು. ಅವರು ಬರುವ ಮುನ್ನ ಕಂಬಳಿ ತೆಗೆದು ಮತ್ತೆ ನೀರು ಬಿಡುತ್ತಿದ್ದೆ. ಪಾಟಿಯ ಮೇಲೆ ಮಾತ್ರ ಸಾಹೇಬರಿಗೆ ಪ್ರಿಯವಾದ ಮೂವತ್ತೈದನ್ನೇ ದುಂಡಗೆ ಬರೆಯುತ್ತಿದ್ದೆ. ಹಾಗೆ ಹೊದಿಸಿದ ಮರಿಗಳು ನಾಲ್ಕಾರು ದಿನದಲ್ಲಿ ಸೆಟೆದುಕೊಂಡು ಸತ್ತಾಗ ತಣ್ಣೀರಿಗೆ ಶಾಪ ಹಾಕಿದೆ. ಇನ್ನಷ್ಟು ಹೊತ್ತು ಹೊದಿಸಬೇಕಿತ್ತು ಎಂದುಕೊಂಡೆ. ಅಷ್ಟು ಜಾಣೆ ನಾನು!

ಒಂದು ಬೆಳಿಗ್ಗೆ ಸಾಹೇಬರು ಮುಖ ಇಳಿಬಿಟ್ಟುಕೊಂಡು ಕುಳಿತಿದ್ದರು. ಇನ್ನೊಂದೇ ಮರಿ, ಆಮೇಲೆ ಕೋಣೆಗೆ ಬೀಗ ಎಂದು ಕಾಲೇಜಿನ ಹಿರಿಯರು ಹೇಳಿಬಿಟ್ಟಿದ್ದರು.

"ಏಳು ಗಂಡು ಮರಿ. ಆರು ಎದ್ದು ಓಡಾಡ್ಲಿಕತ್ತಾವ," ಎಂದು ಅವರು ತಮ್ಮ ಪುಸ್ತಕವನ್ನು ನನ್ನತ್ತ ತಿರುಗಿಸಿದರು. "ಐದು ಹೆಣ್ಣು ಮರಿ. ಒಂದೂ ಉಳೀಲಿಲ್ಲ. ಎಲ್ಲಾದಕ್ಕೂ ಅದೇ ಮೂವತ್ತೈದು. ಹೆಣ್ಣಿನ ಮೈಗೆ ಈ ಉಪಚಾರ ಒಗ್ಗೂದಿಲ್ಲ, ಹೆಣ್ಣು ಕೂಸಿಗೆ ಮಾಡಬಾರದು ಅಂತ ಬರದು ಮುಗಸ್ತೀನಿ."

ಆ ಹೆಣ್ಣು ಮರಿಗಳು ನಾನು ಕಂಬಳಿ ಹೊದಿಸಿದವು. ನಮ್ಮಲ್ಲಿ ಗಂಡು ಮರಿ ಇಂದಲ್ಲ ನಾಳೆ ಸಂತೆಗೆ ಹೋಗುವುದು, ಹೆಣ್ಣು ಮರಿ ಹಿಂಡಿಗೆ ಉಳಿಯುವುದು. ಇರುವುದೊಂದೇ ಕಂಬಳಿಯಾದರೆ ಅದು ಹೆಣ್ಣು ಮರಿಗೆ. ಯೋಚಿಸದೆಯೇ ಆ ರೂಢಿಯನ್ನು ಇಲ್ಲಿಯೂ ಪಾಲಿಸಿದ್ದೆ. ಓಣಿಯ ಆ ಹುಡುಗಿ ಕಣ್ಣ ಮುಂದೆ ಬಂದಳು. ಇನ್ನು ಅವಳಂಥ ಎಷ್ಟು ಕೂಸುಗಳಿಗೆ ಈ ಉಪಚಾರ ತಪ್ಪುವುದೋ, ಅದೂ ನನ್ನ ಕೈಯಿಂದ!

"ಹಂಗ ಬರೀಬ್ಯಾಡ್ರಿ ಸಾಹೇಬ್ರ," ಎಂದೆ. "ನಾನ ನೀರು ನಿಲ್ಲಿಸಿ ಕಂಬಳಿ ಹೊಚ್ಚಿದ್ನಿ. ಹೆಣ್ಣು ಮರಿಗೆ ಅಷ್ಟ. ಪಾಟಿ ಮ್ಯಾಲೆ ಬರದದ್ದು ಸುಳ್ಳು."

ಅವರು ಬೈದ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಎಲ್ಲಕ್ಕೂ ನಾನು ಯೋಗ್ಯಳಾಗಿದ್ದೆ. ಆದರೆ ಬೈಯುತ್ತ ಬೈಯುತ್ತಲೇ ಅವರ ದನಿ ಬದಲಾಯಿತು.

"ಐದಕ್ಕ ಐದೂ ನೀನೇನು?"

"ಹೂಂನ್ರಿ."

"ಗಂಡು ಮರಿ ಒಂದನ್ನೂ ಮುಟ್ಟಿಲ್ಲ?"

"ಇಲ್ರಿ, ದೇವರಾಣಿ."

ಸಾಹೇಬರು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ ಎದ್ದು ನಿಂತರು. "ಹಂಗಾದ್ರ ನನ್ನ ತಣ್ಣೀರು ಗೆದ್ದದ! ಸೋತದ್ದು ನಿನ್ನ ಕಂಬಳಿ! ಇವತ್ತ ಹುಟ್ಟಿದ್ದೂ ಹೆಣ್ಣು ಮರಿನ ಅದ. ನೀನ ಕಾಯಬೇಕು."

"ನನ್ನ ಕೈ ನನ್ನ ಮಾತು ಕೇಳಂಗಿಲ್ರಿ."

"ಕೇಳೂಹಂಗ ಮಾಡು. ಅದನ್ನ ನಾ ಕಲಸ್ಲಿಕ್ಕೆ ಆಗೂದಿಲ್ಲ."

ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಕಿ ಅದರ ಮೇಲೆಯೇ ಕುಳಿತೆ. ಮೂರು ದಿನ ಕುಳಿತೆ. ಮರಿಯ ಕಿವಿ ತಣ್ಣಗಿತ್ತು. ಮುಟ್ಟಿದಾಗಲೆಲ್ಲ ಕೈ ನಲ್ಲಿಯತ್ತ ಹೋಗುತ್ತಿತ್ತು, ಆದರೂ ಕಂಬಳಿ ಬಿಟ್ಟು ಏಳಲಿಲ್ಲ. ಪಾಟಿಯ ಮೇಲೆ ಮೂವತ್ತೈದು, ಮೂವತ್ನಾಲ್ಕೂಮುಕ್ಕಾಲು, ಮೂವತ್ತೈದೂಕಾಲು ಎಂದು ಬರೆದೆ. ದುಂಡಗಿರಲಿಲ್ಲ, ಆದರೆ ಒಂದೊಂದು ಅಂಕಿಯೂ ನಿಜ. ನಾಲ್ಕನೆಯ ದಿನ ಬೆಳಿಗ್ಗೆ ಸಾಹೇಬರು ತಣ್ಣೀರನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡತೊಡಗಿದರು. ತಾಸಿಗೆ ಅರ್ಧ ಡಿಗ್ರಿ, ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ. ಬೆಚ್ಚಗಾಗುವುದಕ್ಕೂ ತಾಳ್ಮೆ ಬೇಕೆಂದು ನನಗೆ ತಿಳಿದದ್ದು ಅಂದೇ. ಮೂವತ್ತೊಂಬತ್ತು ಎಂದು ಬರೆಯುವ ಹೊತ್ತಿಗೆ ಇಳಿಬಿಸಿಲು ಕಿಟಕಿಗೆ ಬಂದಿತ್ತು.

ಟೊಪ್ಪಿಗೆ ತೆಗೆದೆವು, ಔಷಧದ ಮತ್ತು ಇಳಿಯಲೆಂದು ಕಾದೆವು. ಮರಿ ಕಣ್ಣು ಬಿಟ್ಟಿತು. ಮುಂಗಾಲು ಊರಿ ಮುಗ್ಗರಿಸಿತು. ಮತ್ತೆ ಎದ್ದು ಮತ್ತೆ ಬಿತ್ತು. ಎತ್ತಿ ನಿಲ್ಲಿಸಲೆಂದು ಬಾಗಿದವಳನ್ನು ಸಾಹೇಬರು ಕೈ ಅಡ್ಡ ಹಿಡಿದು ತಡೆದರು. ಮೂರನೆಯ ಸಲ ಅದು ನಾಲ್ಕೂ ಕಾಲಿನ ಮೇಲೆ ನಿಂತುಕೊಂಡು ಗಂಟಲು ಹರಿಯುವಂತೆ ಅರಚಿತು.

"ನಿಂತಳ್ರೀ ಸಾಹೇಬ್ರ! ನಿಂತೇಬಿಟ್ಟಳ್ರೀ!" ಎಂದು ನಾನು ಕುಣಿದಾಡಿದೆ. ಜೀವಮಾನದಲ್ಲಿ ಅಂಥ ಗೆಲುವನ್ನು ಮತ್ತೆ ಕಾಣಲಿಲ್ಲ.

ಇನಾಮದಾರ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಕೋಟಿನ ಪರಿವೆಯಿಲ್ಲದೆ ಹಿಕ್ಕೆ ಮೆತ್ತಿದ ನೆಲದ ಮೇಲೆ ಮಂಡಿಯೂರಿ, ಎರಡೂ ಅಂಗೈ ಊರಿದರು. ಮರಿ ತೂರಾಡುತ್ತ ಬಂದು ಅವರ ಹೊಟ್ಟೆಯ ಕೆಳಗೆ ತಲೆ ತೂರಿಸಿತು. ಕೆಚ್ಚಲೆಂದೇ ತಿಳಿದು, ಹಾಲು ಇಳಿಯಲೆಂದು ಜೋರಾಗಿ ಗುದ್ದತೊಡಗಿತು.