ಬದಲಿ ವ್ಯವಸ್ಥೆಯ ಕಾಲಂ

“ಮುಖ್ಯ ಸಂಶೋಧಕ ಅನ್ನೋ ಕಡೆ ನನ್ನ ಹೆಸರು ಹಾಕಿಬಿಡಿ. ನೀವು ಸಹಾಯಕಿ ಅಂತ ಇರಿ. ಇನ್ನೂ ಕಲಿಯೋ ವಯಸ್ಸು ನಿಮ್ದು,” ಎಂದರು ಮುಖ್ಯ ಗ್ರಂಥಪಾಲಕರು, ಉಗುರು ಕತ್ತರಿಸಿಕೊಳ್ಳುತ್ತಾ.

ಸಹಾಯಕ ಗ್ರಂಥಪಾಲಕಿಗೆ ನಲವತ್ತೊಂದು ವರ್ಷ. ಓದುಗರು ಕೇಳಿಕೊಂಡು ಬಂದು, ಸಿಗದೆ ಬರಿಗೈಲಿ ವಾಪಸಾದ ಪುಸ್ತಕಗಳು ಯಾವುವು ಎಂದು ಕೌಂಟರಿನಲ್ಲಿ ಕೂತು ಆರು ವರ್ಷ ಬರೆದಿಟ್ಟವಳು ಅವಳು. ಗ್ರಂಥಾಲಯ ಸಿಬ್ಬಂದಿಗೆಂದೇ ಮೊದಲ ಸಲ ಸಂಶೋಧನಾ ಅನುದಾನಕ್ಕೆ ಅರ್ಜಿ ಕರೆದಿದ್ದರು. ಅರ್ಜಿಗೆ ಇವತ್ತೇ ಕೊನೆಯ ದಿನ. ಈ ಮನುಷ್ಯನ ಸಹಿ ಇಲ್ಲದಿದ್ದರೆ ಅದು ನೇರ ಕಸದ ಬುಟ್ಟಿಗೆ. ಓದುವುದು ಕೈಕೆಳಗಿನವರ ಕೆಲಸ ಎಂದು ನಂಬಿ ಕೊಬ್ಬಿದ ಆಸಾಮಿ. ಇವಳ ಹುದ್ದೆಯಲ್ಲಿ ಹಿಂದೆ ಇದ್ದವಳ ವರದಿಯನ್ನೂ ಹೀಗೇ ನುಂಗಿ ನೀರು ಕುಡಿದಿದ್ದರು.

“ಆಯ್ತು ಸರ್, ನಿಮ್ಮ ಹೆಸರೂ ಹಾಕ್ತೀನಿ,” ಎಂದಳು.

ಹಾಕಿದಳು ಕೂಡ. ಆರನೇ ಪುಟದಲ್ಲಿ ‘ಬದಲಿ ವ್ಯವಸ್ಥೆ’ ಎಂಬ ಕಾಲಂ ಇತ್ತು. ಸಂಶೋಧಕರು ವಾರಕ್ಕೆ ಎರಡು ದಿನ ಅಧ್ಯಯನಕ್ಕೆ ಕೂತಾಗ ಅವರ ಕೆಲಸ ಯಾರು ನೋಡಿಕೊಳ್ಳುತ್ತಾರೆ? ಅಲ್ಲಿ ಸಾಹೇಬರ ಹೆಸರನ್ನು ಹುದ್ದೆ ಸಮೇತ ದುಂಡಗೆ ಬರೆದಳು. ಮುಖ್ಯ ಸಂಶೋಧಕಿಯ ಜಾಗದಲ್ಲಿ ತನ್ನದು. ಸಹಿ ಬೀಳಬೇಕಾದ ಕಡೆಗೆಲ್ಲ ಹಳದಿ ಚೀಟಿ ಅಂಟಿಸಿದಳು. ಅವರು ಒಂದೇ ಒಂದು ಸಾಲು ಓದಿದರೂ ಆರು ವರ್ಷದ ಕೆಲಸ ಅಲ್ಲಿಗೆ ಮುಗಿದಂತೆ.

ಅವರು ಫೋನಿನಲ್ಲಿ ಯಾರ ಜೊತೆಗೋ ನಗುತ್ತಾ, ಹಳದಿ ಕಂಡಲ್ಲೆಲ್ಲ ಗೀಚಿ, ಕಾಗದಗಳನ್ನು ಅವಳ ಕಡೆ ತಳ್ಳಿದರು.

ಎರಡು ತಿಂಗಳಿಗೆ ಮಂಜೂರಾತಿ ಪತ್ರ ಬಂತು, ಆರನೇ ಪುಟದ ಪ್ರತಿಯೊಂದಿಗೆ.

“ಏನ್ರೀ ಇದು? ನಾನು ಹೋಗಿ ಕೌಂಟರಲ್ಲಿ ಕೂರೋದಾ?” ಸಾಹೇಬರ ಮುಖ ಕೆಂಪಗಾಗಿತ್ತು.

“ನೀವೇ ಸಹಿ ಹಾಕಿದ್ದೀರಲ್ಲ ಸರ್. ಓದಿಯೇ ಹಾಕಿರ್ತೀರಿ ಅಂದ್ಕೊಂಡೆ.”

ಓದಲಿಲ್ಲ ಎನ್ನಲು ಅವರು ಬಾಯಿ ತೆರೆದರು. ಆಫೀಸಿನವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. “ಓದಿದೀನಿ ಬಿಡಿ,” ಎಂದು ಪತ್ರ ಮಡಚಿದರು.

ಮುಂದಿನ ಮಂಗಳವಾರ ಅವಳು ಒಳಕೋಣೆಯಲ್ಲಿ ಬರೆಯಲು ಕೂತಳು. ತೆರೆದ ಬಾಗಿಲಿನಾಚೆ, ಕೌಂಟರಿಗೆ ಒಬ್ಬ ನಿವೃತ್ತ ಮೇಷ್ಟ್ರು ಬಂದು ಜೇನು ಸಾಕಣೆಯ ಪುಸ್ತಕ ಕೇಳಿದರು. ಮುಖ್ಯ ಗ್ರಂಥಪಾಲಕರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

“ಅದು... ಎಲ್ಲಿರುತ್ತೆ?” ಎಂದು ಮೇಷ್ಟ್ರನ್ನೇ ಕೇಳಿದರು.

“ಬನ್ನಿ, ತೋರಿಸ್ತೀನಿ.”

ಮೇಷ್ಟ್ರು ಕೋಲೂರುತ್ತಾ ಕಪಾಟುಗಳ ನಡುವೆ ನಡೆದರು. ಮುಖ್ಯ ಗ್ರಂಥಪಾಲಕರು ಅವರ ಹಿಂದೆ ಹಿಂದೆ ಹೋದರು.