ಒಂದು ಜೋರಾದ ಚಪ್ಪಾಳೆ

ಗಂಡನ ಹೆಸರನ್ನು ಚಿಕ್ಕತಾಯಿ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಮೈದುನ ದಾಸನನ್ನು ಮುಂದಕ್ಕೆ ತಳ್ಳಿ, ತಾನು ಗೋಡೆ ನೋಡುತ್ತ ನಿಂತಿದ್ದಳು. ಅರಕಲಗೂಡಿನಾಚೆ ಕಾಡಂಚಿನಲ್ಲಿರುವ ಅವರ ಹಾಡಿಯಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದು ಜನ್ಮಕ್ಕೆ ಒಂದೇ ಸಲ. ಅವನು ಸತ್ತ ವರ್ಷ ತುಂಬುವುದರೊಳಗೆ ಅವನದೇ ದುಡಿ ವಾದ್ಯವನ್ನು ಬಾರಿಸಬೇಕು, ಹಿರಿಯರ ಹೆಸರುಗಳನ್ನೆಲ್ಲ ಹಾಡಬೇಕು, ಕೊನೆಗೆ ಅವನ ಹೆಸರು ಹಿಡಿದು ಕರೆಯಬೇಕು. ಕರೆದ ಮೇಲೆ ಯಾರೂ ಪಿಟ್ಟೆನ್ನಬಾರದು. ಆ ಮೌನದಲ್ಲಿ ಸತ್ತವನು ಬರುತ್ತಾನೆ. ಬಂದದ್ದು ಹೆಂಡತಿಗೆ ಗೊತ್ತಾಗುತ್ತದೆ. ಅವಳು ಸೆರಗಿಗೆ ಗಂಟು ಹಾಕಿ ಅವನನ್ನು ಮನೆಗೆ ತಂದು ಹೊಸ್ತಿಲಲ್ಲಿ ಬಿಚ್ಚುತ್ತಾಳೆ. ಅಲ್ಲಿಗೆ ಅವನು ಮನೆಯವನಾದ. ಗಂಟಿಲ್ಲದವನು ಹೊರಗೇ ಉಳಿದ.

ಚಿಕ್ಕತಾಯಿಯ ಗಂಡ ಜ್ವರ ಬಂದು ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಅವನ ದುಡಿ ಮಾತ್ರ ಹೊಳೆನರಸೀಪುರದ ಬುಡಕಟ್ಟು ಮ್ಯೂಸಿಯಮ್ಮಿನಲ್ಲಿತ್ತು. ಕದ್ದವರು ಯಾರೂ ಇಲ್ಲ, ಅವನೇ ಕೊಟ್ಟಿದ್ದ. ತಲೆಗೊಂದು ಪೇಟ ಇಟ್ಟು, ಎರಡು ಫೋಟೋ ಹೊಡೆದು, ಕಲಾವಿದರೇ ಎಂದು ಕರೆದರೆ ಯಾವ ಗಂಡಸು ತಾನೆ ಉಬ್ಬುವುದಿಲ್ಲ? ಬೇಕಾದಾಗ ಹೋಗಿ ತಂದರಾಯಿತು ಎಂದುಕೊಂಡಿದ್ದ, ಪಾಪ, ಪಕ್ಕದ ಮನೆಗೆ ಒನಕೆ ಕೊಟ್ಟವರ ಹಾಗೆ.

ಸಮಿತಿಯ ಅಧ್ಯಕ್ಷ ಈಶ್ವರಯ್ಯನವರು ತಮ್ಮ ಹಳೆಯ ಅಕ್ಕಿ ಗಿರಣಿಯನ್ನೇ ಮ್ಯೂಸಿಯಮ್ಮಿಗೆ ಬಿಟ್ಟುಕೊಟ್ಟ ದೊಡ್ಡ ಮನುಷ್ಯರು. ಮಾತೂ ಮೆತ್ತಗೆ. ಚಿಕ್ಕತಾಯಿ ದುಡಿ ಕೇಳಲು ಹೋದಾಗ, ಒಳಗೆ ಬಂದ ವಸ್ತು ಹೊರಗೆ ಹೋಗುವಂತಿಲ್ಲ, ಇವತ್ತು ಇವಳಿಗೆ ಕೊಟ್ಟರೆ ನಾಳೆ ಎಲ್ಲರೂ ಬರುತ್ತಾರೆ ಎಂದರು. ಕಾಫಿ ಕುಡಿಸಿ ಕಳಿಸಿದರು. ಎರಡನೆಯ ಸಲ ಹೋದಾಗಲೂ ಕಾಫಿ ಬಂತು, ದುಡಿ ಬರಲಿಲ್ಲ.

ದಾರಿ ಹುಡುಕಿದವಳು ಭವ್ಯಶ್ರೀ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು, ಸಮಿತಿಯ ಕಾರ್ಯದರ್ಶಿ, ನಿಜಕ್ಕೂ ಒಳ್ಳೆಯ ಹೆಣ್ಣುಮಗಳು. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಹೊಟ್ಟೆ ಉರಿಯುವುದೇ ಅದಕ್ಕೆ. ಮ್ಯೂಸಿಯಮ್ಮಿಗೆ ಚಾವಣಿ, ಗಾಜಿನ ಕಪಾಟು ಆಗಬೇಕೆಂದು ಹಾಸನದಲ್ಲಿ ಒಂದು ಸಹಾಯಾರ್ಥ ಸಂಗೀತ ಕಚೇರಿ ಇಟ್ಟುಕೊಂಡಿದ್ದರು. ವೇದಿಕೆಗೆ ವಾದ್ಯಗಳನ್ನು ತರಬಹುದು ಎಂದು ಸಮಿತಿ ಒಪ್ಪಿತ್ತು. ನೀವು ಅಲ್ಲಿಗೇ ಬಂದು ಹಾಡಿ, ದುಡಿ ಸಿಗುತ್ತದೆ ಎಂದಳು ಭವ್ಯಶ್ರೀ. ಅಪರಿಚಿತರ ಮುಂದೆ ಕರೆಯುವಂಥ ಹೆಸರೇನು ಅದು ಎಂದು ದಾಸ ಸಿಡುಕಿದ.

"ಜಾಗ ಯಾವ್ದಾದ್ರೇನ್ಲಾ," ಅಂದಳು ಚಿಕ್ಕತಾಯಿ. "ಅವ್ರ ದುಡಿ ಬಡುದ್ರೆ ಅವ್ರು ಎಲ್ಲಿಗಾದ್ರೂ ಬತ್ತಾರೆ."

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ 'ನಾದಸಂಜೆ' ಶುರುವಾಗುವುದಿತ್ತು. ಸಂಜೆಗೆ ಸಭಾಂಗಣ ಯಾರದೋ ರಿಸೆಪ್ಷನ್ನಿಗೆ ಬುಕ್ಕಾಗಿತ್ತು, ಬ್ಯಾನರು ಮಾತ್ರ ಮೊದಲೇ ಅಚ್ಚಾಗಿಬಿಟ್ಟಿತ್ತು. ನಿರೂಪಣೆಗೆ ಹೈಸ್ಕೂಲು ಮೇಷ್ಟ್ರು ನಟರಾಜು. ಹಾಸನದಲ್ಲಿ ಮೈಕು ಇರುವ ಕಡೆಯೆಲ್ಲ ನಟರಾಜು ಇದ್ದೇ ಇರುತ್ತಾರೆ. ಸುತ್ತಲ ಊರುಗಳಿಂದ ಜನ ಚೆನ್ನಾಗಿಯೇ ಸೇರಿದ್ದರು. ಹೆಚ್ಚು ದುಡ್ಡು ಕೊಟ್ಟ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಷಡಕ್ಷರಿಯವರದ್ದೇ ಪತ್ತೆ ಇಲ್ಲ. ಅವರು ಶಾಂತಿಗ್ರಾಮ ದಾಟಿದ್ದಾರೆ, ಶಾಂತಿಗ್ರಾಮ ದಾಟಿದ್ದಾರೆ ಎಂದು ನಟರಾಜು ಸಾರುತ್ತಲೇ ಇದ್ದರು.

ತನ್ನ ಸರದಿ ಬರುವ ಮುಂಚೆ ಚಿಕ್ಕತಾಯಿ ಮೇಷ್ಟ್ರನ್ನು ಪರದೆಯ ಮರೆಗೆ ಕರೆದಳು. ಭವ್ಯಶ್ರೀಯೂ ಜೊತೆಗಿದ್ದಳು.

"ಯಾರೂ ಚಪ್ಪಾಳೆ ತಟ್ಬಾರ್ದು ಸಾ. ನಾವು ಚಪ್ಪಾಳೆ ತಟ್ಟೋದು ಆನೆ ಓಡ್ಸಾಕೆ. ನಾನು ಗಂಟಾಕಿ ಏಳೋಗಂಟ ಸುಮ್ನಿರ್ಬೇಕು."

ನಟರಾಜು ಕೈಮುಗಿದರು. ಮೈಕಿನ ಮುಂದೆ ಹೋಗಿ ಅದನ್ನು ಅವಳಿಗಿಂತ ಚೆನ್ನಾಗಿ ಹೇಳಿದರು. ಇದು ಹಾಡಲ್ಲ, ಪೂಜೆ. ತಾಯಿ ಏಳುವ ತನಕ ಒಂದು ಚಪ್ಪಾಳೆಯೂ ಬೀಳಬಾರದು ಎಂದರು. ಮನಸ್ಸಿಟ್ಟೇ ಹೇಳಿದರು. ಅದು ನಾಟಕವಲ್ಲ.

ದಾಸನ ಕೈಗೆ ದುಡಿ ಬಂತು. ಅವನು ಅದರ ಚರ್ಮವನ್ನು ಅಂಗೈಯಲ್ಲಿ ಸವರಿ, ತುಸು ಕಾಯಿಸಿಕೊಂಡು ಬಡಿಯತೊಡಗಿದ. ಮೊದಲ ಪೆಟ್ಟಿಗೇ ಚಿಕ್ಕತಾಯಿ ಗುರುತು ಹಿಡಿದಳು. ಇಷ್ಟು ದಿನ ಮೂಗನಂತೆ ಬಿದ್ದಿದ್ದ ದುಡಿಗೆ ಗಂಡನ ಕೈಯ ದನಿ ಹಾಗೆಯೇ ಇತ್ತು. ಅವಳು ಹಿರಿಯರನ್ನು ಒಬ್ಬೊಬ್ಬರಾಗಿ ಕರೆಯುತ್ತ ಹೋದಳು. ನೀರಿಗೆ ಬಿದ್ದವನನ್ನು ಕರೆದಳು, ಆನೆ ತುಳಿದವನನ್ನು ಕರೆದಳು, ಹೆರಿಗೆಯಲ್ಲಿ ಹೋದ ಅತ್ತೆಯನ್ನು ಕರೆದಳು. ಜನ ಮಾತು ಉಳಿಸಿಕೊಂಡರು. ಒಂದು ಮಗು ಅತ್ತದ್ದಕ್ಕೆ ಅದರ ತಾಯಿ ಎತ್ತಿಕೊಂಡು ಹೊರಗೆ ಓಡಿದಳು. ಹಾಸನದ ಜನ ಹೀಗೆ ಕೂತದ್ದನ್ನು ನಟರಾಜು ಅವರೂ ಕಂಡಿರಲಿಲ್ಲ.

ಕೊನೆಗೆ ಚಿಕ್ಕತಾಯಿ ಸೆರಗನ್ನು ಮಡಿಲ ಮೇಲೆ ಹರಡಿದಳು. ನಾಚಿಕೆಯಾಯಿತು. ಆ ವಯಸ್ಸಿನಲ್ಲಿ, ಅಷ್ಟು ಜನರ ಮುಂದೆ, ಮದುವೆಯ ಹೆಣ್ಣಿನ ಹಾಗೆ ಮುಖ ಬಿಸಿಯಾಯಿತು.

"ಮಾರಾ," ಅಂದಳು. "ಮನೆಗ್ ಬಾ."

ದುಡಿ ನಿಂತಿತು. ಅದರ ದನಿ ಸಣ್ಣಗಾಗುತ್ತ ಹೋಯಿತು. ಮೊದಲು ಏನೂ ಇರಲಿಲ್ಲ. ಆಮೇಲೆ ಹೊಗೆ ಹಾಕಿ ಜೇನು ಕಿತ್ತು ಬಂದವನ ಮೈಯ ವಾಸನೆ, ಬೀಡಿಯ ವಾಸನೆ. ಹಿಂದಿನಿಂದ ಬಂದು ಹೆಗಲ ಬಳಿ ನಿಲ್ಲುವುದು ಅವನ ಅಭ್ಯಾಸ. ಬಂದ, ಬಂದೇಬಿಟ್ಟ ಎಂದು ಅವಳ ಬೆರಳುಗಳು ಸೆರಗಿನ ತುದಿ ಹುಡುಕಿದವು.

ಸಭಾಂಗಣದ ಹಿಂಬಾಗಿಲು ತೆರೆದು ಷಡಕ್ಷರಿಯವರು ಒಳಗೆ ಬಂದರು.

ನಟರಾಜು ಬೇಕೆಂದು ಮಾಡಲಿಲ್ಲ. ಗಣ್ಯರು ಬಾಗಿಲಲ್ಲಿ ಕಂಡರೆ ಅವರ ಕೈ ತಾನಾಗಿ ಮೈಕಿಗೆ ಹೋಗುತ್ತದೆ, ಜೀವಮಾನದ ಅಭ್ಯಾಸ. "ಇದೀಗ ನಮ್ಮೆಲ್ಲರ ನೆಚ್ಚಿನ ದಾನಿಗಳು ಆಗಮಿಸಿದ್ದಾರೆ. ಒಂದು ಜೋರಾದ ಚಪ್ಪಾಳೆ."

ಅಷ್ಟು ಹೊತ್ತು ಕೈ ಕಟ್ಟಿಕೊಂಡಿದ್ದ ಜನ ಅಪ್ಪಣೆ ಸಿಕ್ಕಿತೆಂದು ಒಮ್ಮೆಗೇ ತಟ್ಟಿದರು. ದಾನಿಗೆ ತಟ್ಟಿದ್ದು ಸ್ವಲ್ಪ, ಚಿಕ್ಕತಾಯಿಗೆ ತಟ್ಟಿದ್ದೇ ಹೆಚ್ಚು. ಎದ್ದು ನಿಂತು ತಟ್ಟಿದರು, ಕಣ್ಣೀರು ಒರೆಸಿಕೊಳ್ಳುತ್ತ ತಟ್ಟಿದರು.

ಆ ಸದ್ದು ಅವಳಿಗೆ ಗೊತ್ತಿತ್ತು. ಜೋಳದ ಹೊಲಕ್ಕೆ ಆನೆ ಬಿದ್ದಾಗ ಇಡೀ ಹಾಡಿ ಸಾಲಾಗಿ ನಿಂತು ಹೀಗೇ ತಟ್ಟುತ್ತದೆ. ಹೋಗು, ಈ ಕಡೆ ಬರಬೇಡ ಎಂದು. ಎಲ್ಲರಿಗಿಂತ ಮುಂದೆ ನಿಂತು ತಟ್ಟುತ್ತಿದ್ದವನು ಅವಳ ಗಂಡನೇ. ಆ ಸದ್ದಿನ ಅರ್ಥ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಗಲ ಬಳಿ ಏನೂ ಉಳಿಯಲಿಲ್ಲ.

ಭವ್ಯಶ್ರೀ ಓಡಿಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಕಣ್ಣು ತುಂಬಿತ್ತು. ತಪ್ಪಾಯಿತು, ಕೊನೆಯಲ್ಲಿ ಇನ್ನೊಂದು ಸಲ ಹಾಡಿ, ಬಾಗಿಲಿಗೆ ಚಿಲಕ ಹಾಕಿಸುತ್ತೇನೆ ಎಂದಳು.

"ಒಂದೇ ಸಲ ಕಣವ್ವ ಕರಿಯಾದು," ಅಂದಳು ಚಿಕ್ಕತಾಯಿ. "ಓಡ್ಸುದ್ ಮ್ಯಾಲೆ ಇನ್ಯಾವ ಮಕ ಇಟ್ಕೊಂಡು ಕರೀಲಿ?"

ಷಡಕ್ಷರಿಯವರಿಗೆ ಇದೇನೂ ತಿಳಿಯದು. ವೇದಿಕೆ ಹತ್ತಿ ಅವಳಿಗೆ ಶಾಲು ಹೊದಿಸಿದರು. ದಾಸನ ತಲೆಗೆ ಪೇಟ ಬಂತು. ನಮ್ಮ ಮೂಲ ಸಂಸ್ಕೃತಿ ಉಳಿಯಬೇಕು ಎಂದು ಮಾತಾಡಿದರು. ಈ ದುಡಿಗೆಂದೇ ಒಳ್ಳೆಯ ಗಾಜಿನ ಪೆಟ್ಟಿಗೆ ಮಾಡಿಸಿಕೊಡುತ್ತೇನೆ, ಧೂಳು ಕೂಡ ಒಳಗೆ ಹೋಗದ ಹಾಗೆ ಎಂದರು. ಈಶ್ವರಯ್ಯನವರು ದಾಸನ ಕೈಯಿಂದ ದುಡಿಯನ್ನು ಮೆತ್ತಗೆ ತೆಗೆದುಕೊಂಡು ಬಟ್ಟೆಯಲ್ಲಿ ಸುತ್ತಿದರು. ನಟರಾಜು ಮಾತ್ರ ತಲೆ ತಗ್ಗಿಸಿ ನಿಂತಿದ್ದರು. ಚಪ್ಪಾಳೆ ಎಂದು ಅವರು ಕೇಳಲಿಲ್ಲ, ಆದರೂ ಬಿತ್ತು.

ಮರಳುವಾಗ ವ್ಯಾನಿನಲ್ಲಿ ದಾಸ ಪೇಟವನ್ನು ಕಾಲ ಕೆಳಗೆ ಹಾಕಿಕೊಂಡು ಕೂತಿದ್ದ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಜಾಗ ಯಾವುದಾದರೇನು ಎಂದವಳು ಅವಳೇ ತಾನೆ.

ಬಿಸಿಲಿಳಿಯುವ ಹೊತ್ತಿಗೆ ಹಾಡಿ ಬಂತು. ಮಗಳು ಕೆಂಪಿ ಹೊಸ್ತಿಲು ಸಾರಿಸಿ, ಬಾಗಿಲನ್ನು ಅಗಲಕ್ಕೆ ತೆರೆದಿಟ್ಟು, ಅಪ್ಪನ ತಟ್ಟೆಗೆ ಬಿಸಿ ಮುದ್ದೆ ಹಾಕಿ ಕಾದಿದ್ದಳು. ಅಮ್ಮನ ಮುಖಕ್ಕಿಂತ ಮೊದಲು ಸೆರಗು ನೋಡಿದಳು.

"ಗಂಟು ಎಲ್ಲವ್ವ?"

ಚಿಕ್ಕತಾಯಿ ಶಾಲನ್ನು ತೆಗೆದು ಮಗಳ ಕೈಗಿಟ್ಟಳು. ಹೊಸ್ತಿಲು ದಾಟಿ ಒಳಗೆ ಹೋಗಿ, ತಟ್ಟೆಯ ಮುಂದೆ ನಿಂತಳು.

"ಬಾಕ್ಲು ಹಾಕು," ಅಂದಳು.