ಉತ್ತರಗಳು ಮಾತ್ರ

ಬಸದಿಯ ಆಚೆ ಎಲ್ಲೋ ಸಿಡಿಲು ಬಡಿದದ್ದೇ ಯಶೋಧಾ ಅಡಿಗೆಮನೆಯಿಂದ ಓಡಿಬಂದು ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕಿತ್ತರು. ಆರಿಸುವಾಗ ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಇನ್ನೂ ಮಿಣುಕುತ್ತಿತ್ತು. ಒಳಗಿನ ಕರಕರ ಸದ್ದು ನಿಂತಿರಲಿಲ್ಲ. ಅದು ನಿಂತ ಮೇಲೆಯೇ ಆರಿಸಬೇಕೆಂದು ಅವರಿಗೆ ಗೊತ್ತಿತ್ತು. ಆದರೆ ಹಿಂದಿನ ವಾರವಷ್ಟೇ ಪಕ್ಕದ ಮನೆಯ ಖದೀಜಳ ರೇಡಿಯೋ ಸಿಡಿಲಿಗೆ ಸುಟ್ಟುಹೋಗಿತ್ತು. ಮರುದಿನ ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ಪರದೆಯ ಮೇಲೆ ಒಂದೇ ಒಂದು ಇಂಗ್ಲಿಷ್ ಸಾಲು ಬಂತು. ಯಾವ ಗುಂಡಿ ಒತ್ತಿದರೂ ಅದರಾಚೆ ಏನೂ ಬರಲಿಲ್ಲ.

ಸುದ್ದಿ ಸಿಕ್ಕಿದ ಕೃಷ್ಣಕುಮಾರ ಬೆಳ್ತಂಗಡಿಯಿಂದ ಬಸ್ಸು ಹಿಡಿದು ಮೂಡುಬಿದಿರೆಗೆ ಬಂದ. ಬೆಳ್ತಂಗಡಿಯಲ್ಲಿ ಅವನದು ಒಂದು ಕಂಪ್ಯೂಟರ್ ತರಗತಿ. ಕಾಲೇಜಿನಲ್ಲಿ ಯಶೋಧಾರ ಗಂಡ ಹೇಮರಾಜರಿಂದ ಇತಿಹಾಸ ಕಲಿತವನು. ಮಂಗಳೂರಿನ ಯಾವುದೋ ಆಫೀಸು ಬೇಡವೆಂದು ಬಿಟ್ಟ ಈ ಯಂತ್ರವನ್ನು ಎರಡು ವರ್ಷದ ಹಿಂದೆ ಇಲ್ಲಿಗೆ ತಂದು ಇಟ್ಟವನೂ ಅವನೇ.

ಆಗ ಹೇಮರಾಜರ ಗಂಟಲಿನ ಆಪರೇಷನ್ ಆಗಿತ್ತು. ಕ್ಯಾನ್ಸರಿನ ಜೊತೆಗೆ ಡಾಕ್ಟರು ಸ್ವರವನ್ನೂ ತೆಗೆದಿದ್ದರು. ಮೊದಮೊದಲು ಹೇಮರಾಜರು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ಸೀಮೆಸುಣ್ಣದ ಧೂಳು ಉಸಿರಾಡಲು ಕುತ್ತಿಗೆಯಲ್ಲಿ ಮಾಡಿದ್ದ ತೂತಿನೊಳಗೆ ಹೋಗಿ, ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಅವರು ಮತ್ತೆ ಮಾತುಗಾರರಾದರು. ಕತ್ತಲಾಗುವ ಮೊದಲೇ ಊಟ ಮುಗಿಸಿ ಇಬ್ಬರೂ ಅದರ ಮುಂದೆ ಕೂರುತ್ತಿದ್ದರು. ಯಶೋಧಾ ಬಾಯಲ್ಲಿ ಹೇಳುವುದು, ಅವರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಕುಟ್ಟುವುದು. ಜಗಳವೂ ಹಾಗೆಯೇ. ಸಿಟ್ಟು ಬಂದರೆ ಎಲ್ಲವೂ ದೊಡ್ಡಕ್ಷರ.

"ಸರ್, ಇದನ್ನೆಲ್ಲ ಫ್ಲಾಪಿಯಲ್ಲಿ ಇನ್ನೊಂದು ಪ್ರತಿ ಮಾಡಿ ಇಡುವ," ಎಂದು ಕೃಷ್ಣಕುಮಾರ ಒಮ್ಮೆ ಹೇಳಿದ್ದ. "ಆಡಿದ ಮಾತಿಗೆ ಯಾರಾದರೂ ನಕಲು ಇಡ್ತಾರಾ ಮಾರಾಯ?" ಎಂದು ಹೇಮರಾಜರು ಕುಟ್ಟಿ ತೋರಿಸಿ, ಸದ್ದಿಲ್ಲದೆ ಹೆಗಲು ಕುಣಿಸಿ ನಕ್ಕಿದ್ದರು.

ಕಳೆದ ದೀಪಾವಳಿಯ ಹೊತ್ತಿಗೆ ಅವರು ತೀರಿಕೊಂಡರು. ಆಮೇಲೆ ಯಶೋಧಾ ದಿನಾ ಸಂಜೆ ಅದೇ ಕುರ್ಚಿಯಲ್ಲಿ ಕೂತು ಒಂದೊಂದೇ ಸಾಲು ತೆರೆಯುತ್ತಿದ್ದರು. ಪರದೆಯಲ್ಲಿ ಇದ್ದದ್ದು ಹೇಮರಾಜರ ಮಾತು ಮಾತ್ರ. ತನ್ನದನ್ನು ಯಶೋಧಾ ನೆನಪು ಮಾಡಿಕೊಂಡು ಗಟ್ಟಿಯಾಗಿ ಹೇಳುತ್ತಿದ್ದರು, ಆಮೇಲೆ ಕೆಳಗಿನ ಸಾಲಿಗೆ ಹೋಗುತ್ತಿದ್ದರು. ಹೀಗೆ ಚಳಿ ಕಳೆದು ಸೆಕೆ ಬಂದಿತ್ತು.

ಕೃಷ್ಣಕುಮಾರ ತನ್ನ ಫ್ಲಾಪಿ ಹಾಕಿ ಯಂತ್ರವನ್ನು ಎಬ್ಬಿಸಿದ. ಪರದೆಯಲ್ಲಿ ಬಂದ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದ.

"ನಾನೇ ಕೊಂದದ್ದಲ್ವಾ?" ಎಂದರು ಯಶೋಧಾ.

"ಹಾಗೆ ಹೇಳಬೇಡಿ ಅಮ್ಮ. ಸಿಡಿಲಿಗೆ ಪ್ಲಗ್ಗು ಕೀಳದವರು ಈ ಊರಲ್ಲಿ ಯಾರಿದ್ದಾರೆ?"

"ಎಲ್ಲ ಹೋಯ್ತಾ?"

"ಎಲ್ಲ ಹೋಗ್ಲಿಲ್ಲ. ಪುಸ್ತಕದ ಹೊಲಿಗೆ ಬಿಚ್ಚಿದ ಹಾಗೆ ಆಗಿದೆ. ಹಾಳೆ ಉಂಟು, ಯಾವುದರ ನಂತರ ಯಾವುದು ಅಂತ ಇದಕ್ಕೆ ಗೊತ್ತಿಲ್ಲ. ಕೆಲವು ಹಾಳೆಯೂ ಹೋಗಿದೆ. ಸಿಕ್ಕಿದ್ದನ್ನು ಹೆಕ್ಕುತ್ತೇನೆ."

ಸರಿಯಾಗಿ ಉಳಿದದ್ದನ್ನು ಮೊದಲು ಫ್ಲಾಪಿಗೆ ಇಳಿಸಿದ. ಅದರಲ್ಲಿ ಹೇಮರಾಜರ ಹಳೆಯ ಪಾಠದ ಟಿಪ್ಪಣಿಗಳೇ ಹೆಚ್ಚು. ಮಾತುಗಳಿಲ್ಲ. ಆಮೇಲೆ ದುರಸ್ತಿಯ ಪ್ರೋಗ್ರಾಮ್ ಓಡಿಸಿದ. ಪೆಟ್ಟಿಗೆ ಕರಕರ ಎನ್ನುತ್ತ ಚೂರುಗಳನ್ನು ಹೊರಗೆ ಹಾಕಿತು. ಚೂರುಗಳಿಗೆ ಹೆಸರಿಲ್ಲ, ಬರಿಯ ಅಂಕೆ. ಒಂದನ್ನು ತೆರೆದಾಗ ಪರದೆ ತುಂಬ ಪುಟ್ಟ ನಗುವ ಮುಖಗಳು, ಇಸ್ಪೀಟು ಎಲೆಯ ಆಟೀನುಗಳು ಸಾಲುಗಟ್ಟಿ ನಿಂತವು.

ಯಶೋಧಾ ಬಗ್ಗಿ ನೋಡಿದರು. "ಇದು ಇವರು ಬರೆದದ್ದಾ?"

"ಅಲ್ಲ ಅಮ್ಮ. ಅರ್ಥ ಆಗದ್ದು ಬಂದರೆ ಇದು ಹಾಗೆ ತೋರಿಸ್ತದೆ, ಅಷ್ಟೇ."

"ನನಗೆ ನಗ್ತಿದ್ದಾರೆ ಅಂತ ಕಂಡಿತು," ಎಂದು ಅವರು ಸೆರಗಿನಿಂದ ಮೂಗು ಒರೆಸಿಕೊಂಡರು.

ಮುಂದಿನ ಚೂರಿನಲ್ಲಿ ಅಕ್ಷರಗಳಿದ್ದವು. ಕೃಷ್ಣಕುಮಾರ ಓದಿದ: "'ಬೇಡ, ಗಂಜಿ ಸಾಕು.'"

"ಅದು ಜ್ವರ ಬಂದಾಗ. ದೋಸೆ ಹೊಯ್ಯಲಾ ಅಂತ ಕೇಳಿದ್ದೆ."

"'ಮದುವೆಗೆ ನೀನೇ ಹೋಗಿ ಬಾ. ನನ್ನ ಕುತ್ತಿಗೆ ನೋಡಿದರೆ ಜನ ಊಟ ಬಿಟ್ಟು ಏಳ್ತಾರೆ.'"

"ಅಕ್ಕನ ಮಗಳು ಅನಂತಮತಿಯ ಮದುವೆ. ನಾನೂ ಹೋಗ್ಲಿಲ್ಲ."

"'ಅದಲ್ಲ, ಹಸುರು ಸೀರೆ ಉಡು.'"

ಯಶೋಧಾ ಕಿಟಕಿಯ ಕಡೆ ತಿರುಗಿದರು. "ಎಲ್ಲಿಗೂ ಹೋಗಲಿಕ್ಕೆ ಇರಲಿಲ್ಲ ಆವತ್ತು. ಸುಮ್ಮನೆ ಉಡ್ಲಿಕ್ಕೆ ಹೇಳಿದ್ದು."

ಒಂದೊಂದಕ್ಕೂ ಅವರಲ್ಲಿ ಪ್ರಶ್ನೆ ಇತ್ತು. ಕೃಷ್ಣಕುಮಾರನಿಗೆ ಸ್ವಲ್ಪ ಧೈರ್ಯ ಬಂತು. ಹೀಗೆಯೇ ಹೋದರೆ ಹೊಲಿದುಬಿಡಬಹುದೇನೋ ಎಂದುಕೊಂಡು ಮುಂದಿನದನ್ನು ತೆರೆದ.

"'ಹೌದು. ನೀನು ಹೇಳಿದ್ದೇ ಸರಿ. ಆವತ್ತೇ ಒಪ್ಪಿಕೊಳ್ಳಬೇಕಿತ್ತು ನಾನು.'"

ಯಶೋಧಾ ಕಿಟಕಿ ಬಿಟ್ಟು ಪರದೆಯ ಹತ್ತಿರ ಬಂದರು.

"ಅಮ್ಮ?"

"ಯಾವುದಕ್ಕೆ?" ಎಂದರು ಅವರು. "ನಾನು ಏನು ಹೇಳಿದ್ದು? ಅದರ ಮೇಲೆ ಏನುಂಟು, ನೋಡು."

ಮೇಲೆ ನಗುವ ಮುಖಗಳಿದ್ದವು. ಕೆಳಗೂ ಅವೇ.

"ಇವರು ಹೋದ ಮೇಲೆ ಇದನ್ನು ನಾನು ಓದಿಯೇ ಇಲ್ಲ ಅಂತ ಕಾಣ್ತದೆ. ಅಲ್ಲಿವರೆಗೆ ಇನ್ನೂ ಮುಟ್ಟಿರಲಿಲ್ಲ ನಾನು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಓದುತ್ತಿದ್ದೆ, ಬೇಗ ಮುಗಿದೀತು ಅಂತ." ಅವರು ಪರದೆಯ ಆ ಸಾಲಿನ ಮೇಲೆ ಬೆರಳಿಟ್ಟರು. "ನಲವತ್ತು ವರ್ಷದಲ್ಲಿ ಇವರು ಒಂದು ಸಲ ಒಪ್ಪಿದ್ದು, ಕೃಷ್ಣಕುಮಾರ. ಯಾವುದಕ್ಕೆ ಅಂತ ನೆನಪಿಲ್ಲ ನನಗೆ."

ಕೃಷ್ಣಕುಮಾರ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದ. ಸಿಕ್ಕಿದ ಚೂರುಗಳನ್ನೆಲ್ಲ ಎರಡೆರಡು ಫ್ಲಾಪಿಗಳಿಗೆ ಇಳಿಸಿ, ಒಂದು ಜೊತೆಯನ್ನು ತನ್ನ ಚೀಲದಲ್ಲಿ ಹಾಕಿಕೊಂಡ. "ಇದು ಬೆಳ್ತಂಗಡಿಯಲ್ಲಿ ಇರ್ಲಿ. ಮೋಡ ಕಟ್ಟಿದ ದಿನ ಕಂಪ್ಯೂಟರ್ ಹಾಕುವುದೇ ಬೇಡ. ಕೆಂಪು ದೀಪ ಆರದೆ ಸ್ವಿಚ್ಚು ಮುಟ್ಟಬೇಡಿ. ಓದುವುದಾದರೆ ಫ್ಲಾಪಿಯಿಂದಲೇ ಓದಿ."

"ಎಲ್ಲ ಹಾಳಾದ ಮೇಲೆ ಇನ್ನು ಇದೆಲ್ಲ ಯಾಕೆ?"

"ಉಳಿದದ್ದಕ್ಕೆ, ಅಮ್ಮ."

ಕಾಫಿ ಕುಡಿದು ಅವನು ಹೊರಟಾಗ ಯಶೋಧಾ ಜಗಲಿಯವರೆಗೆ ಬರಲಿಲ್ಲ. ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದಂತೆ ಒಳಗಿನಿಂದ ಅವರ ದನಿ ಕೇಳಿಸಿತು.

"ನಿಮ್ಮ ತಮ್ಮನ ಹತ್ತಿರ ಮಾತು ಬಿಡಬೇಡಿ ಅಂದೆನಲ್ಲ, ಅದಕ್ಕಾ?"

ಮತ್ತೆ, "ಸ್ವರ ಕೂತದ್ದು ಬರಿ ಶೀತ ಅಲ್ಲ, ಡಾಕ್ಟರಿಗೆ ತೋರಿಸುವ ಅಂದದ್ದಕ್ಕಾ?"

ಕೃಷ್ಣಕುಮಾರ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೆಯೇ ನಿಂತ. ಒಳಗೆ ಫ್ಯಾನಿನ ಸದ್ದು ಮಾತ್ರ ಇತ್ತು. ಆಮೇಲೆ ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡದ್ದು ಕೇಳಿಸಿತು. ಇನ್ನೂ ಮೆಲ್ಲಗೆ, ಮತ್ತೊಂದು ಕೇಳಿದರು.